ಮೀಟರ್ ಎಣಿಸದ ಗಂಟೆಗಳು

ಕೃಷ್ಣರಾಜಪುರದಿಂದ ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಹಳೇ ಮದ್ರಾಸು ರಸ್ತೆಯಲ್ಲಿ ಹನ್ನೆರಡು ಕಿಲೊಮೀಟರ್ ಆಸುಪಾಸು. ನಸುಕಿನಲ್ಲಿ ಸೊಪ್ಪು, ಹೂವು ತುಂಬಿಕೊಂಡು ಹೊರಟ ಗಾಡಿ ಅರ್ಧ ಗಂಟೆಯೊಳಗೆ ಮಾರ್ಕೆಟ್ ಮುಂದೆ ನಿಂತಿರುತ್ತದೆ. ಅದೇ ಗಾಡಿ ಒಂಬತ್ತೂವರೆಗೆ ಖಾಲಿಯಾಗಿ ವಾಪಸು ಹೊರಟರೆ ಕಥೆಯೇ ಬೇರೆ. ಹಲಸೂರು ದಾಟುವುದೇ ಸಾಹಸ. ಆಮೇಲೆ ಇಂದಿರಾನಗರದ ಸಿಗ್ನಲ್, ಬೈಯಪ್ಪನಹಳ್ಳಿ, ಬೆನ್ನಿಗಾನಹಳ್ಳಿ, ಟಿನ್ ಫ್ಯಾಕ್ಟರಿ, ಕೊನೆಗೆ ತೂಗುಸೇತುವೆ ಅಂತ ತೆವಳುತ್ತಾ ಮನೆ ಸೇರಬೇಕು. ಎರಡು ಓಡಾಟಕ್ಕೂ ಮೀಟರ್‌ನಲ್ಲಿ ಏರುವ ಅಂಕಿ ಒಂದೇ. ಎಂಜಿನ್ ಪಟ್ಟ ಪಾಡು ಮಾತ್ರ ಒಂದೇ ಅಲ್ಲ.

ನಮ್ಮಲ್ಲಿ ಸರ್ವಿಸ್ ನಡೆಯುವುದು ಕಿಲೊಮೀಟರ್ ಲೆಕ್ಕದಲ್ಲಿ. ಆಯಿಲ್ ಬದಲಿಸಿದ ಮೇಲೆ ಬಾಗಿಲ ಅಂಚಿಗೊಂದು ಚೀಟಿ ಅಂಟಿಸಿ, ಮುಂದಿನ ಸರ್ವಿಸ್ ಇಷ್ಟು ಕಿಲೊಮೀಟರ್‌ಗೆ ಎಂದು ಬರೆದು ಕಳಿಸುತ್ತಾರೆ. ಆ ಅಂಕಿಯನ್ನು ಒಮ್ಮೆ ಗಂಟೆಗೆ ತಿರುಗಿಸಿ ನೋಡಿ. ಟಾಮ್‌ಟಾಮ್ ಸಂಸ್ಥೆಯ 2022ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೊಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡ್ ಬೇಕಿತ್ತು. ಅಂದರೆ ಗಂಟೆಗೆ 20 ಕಿಲೊಮೀಟರ್ ಚಿಲ್ಲರೆ. ಈ ವೇಗದಲ್ಲಿ 10,000 ಕಿಲೊಮೀಟರ್ ಮುಗಿಯಲು ಎಂಜಿನ್ ಸುಮಾರು 486 ಗಂಟೆ ಓಡಿರಬೇಕು. ಹೊಸಕೋಟೆ ದಾಟಿ ಕೋಲಾರದ ಹೆದ್ದಾರಿಯಲ್ಲಿ ಗಂಟೆಗೆ 60ರಂತೆ ಓಡುವ ಗಾಡಿಗೆ ಅಷ್ಟೇ ದೂರಕ್ಕೆ 167 ಗಂಟೆ ಸಾಕು. ಎರಡೂ ಗಾಡಿಯ ಬಾಗಿಲಲ್ಲಿ ಒಂದೇ ಚೀಟಿ. ಒಂದರ ಆಯಿಲ್ ಇನ್ನೊಂದರ ಆಯಿಲ್‌ಗಿಂತ ಮೂರು ಪಟ್ಟು ಹೊತ್ತು ಬೆಂದಿರುತ್ತದೆ.

ಗಾಡಿ ತಯಾರಿಸುವವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಹೆಚ್ಚಿನ ಕೈಪಿಡಿಗಳ ಹಿಂಬದಿಯ ಪುಟಗಳಲ್ಲಿ ಕಠಿಣ ಬಳಕೆಗೆಂದೇ ಬೇರೆ ಕೋಷ್ಟಕ ಇರುತ್ತದೆ: ಧೂಳು, ಚಿಕ್ಕ ಚಿಕ್ಕ ಓಡಾಟ, ನಿಂತಲ್ಲೇ ಎಂಜಿನ್ ಓಡುವುದು, ತುಂಬಿದ ಹೊರೆ. ಇಂಥ ಗಾಡಿಗೆ ಆಯಿಲನ್ನೂ ಫಿಲ್ಟರನ್ನೂ ಬೇಗ ಬದಲಿಸಿ ಎನ್ನುತ್ತದೆ ಅದು. ಟಿನ್ ಫ್ಯಾಕ್ಟರಿ ಜಂಕ್ಷನ್ನಿನಲ್ಲಿ ಈ ನಾಲ್ಕೂ ಒಟ್ಟಿಗೇ ಸಿಗುತ್ತವೆ. ಆದ್ದರಿಂದ ಸ್ವಂತ ಗಾಡಿಯನ್ನು ಸ್ವಂತ ಕೈಯಲ್ಲಿ ನೋಡಿಕೊಳ್ಳಬೇಕು ಎನ್ನುವವರಿಗೆ ಮೊದಲು ಬೇಕಾದ್ದು ಸ್ಪ್ಯಾನರ್ ಸೆಟ್ ಅಲ್ಲ, ಒಂದು ನೋಟ್‌ಬುಕ್ಕು. ಕಿಲೊಮೀಟರ್ ಪಕ್ಕದಲ್ಲಿ ಎಂಜಿನ್ ಓಡಿದ ಗಂಟೆಯನ್ನೂ ಅಂದಾಜಿನಲ್ಲಿ ಬರೆಯುತ್ತಾ ಹೋದರೆ, ತಿಂಗಳೊಳಗೆ ತನ್ನ ಗಾಡಿಗೆ ಚೀಟಿಯ ಅಂಕಿ ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂದು ಯಾರಿಗಾದರೂ ತಿಳಿದುಬಿಡುತ್ತದೆ.

ಗಂಟೆ ಎಣಿಸುವ ಪಾಠಕ್ಕೆ ಬೆಂಗಳೂರಿನ ಪೂರ್ವಭಾಗದವರು ದೂರ ಹೋಗಬೇಕಿಲ್ಲ. ದುರಸ್ತಿ ಈ ಕಡೆಯ ಹಳೆಯ ಕಸುಬು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ವಿಮಾನ ಕಟ್ಟುವುದಕ್ಕಿಂತ ಹೆಚ್ಚಾಗಿ ಅಮೆರಿಕದ ವಾಯುಸೇನೆಯ ವಿಮಾನಗಳನ್ನು ಬಿಚ್ಚಿ ಸರಿಪಡಿಸಿ ಕಳಿಸುವ ಜಾಗವಾಗಿತ್ತು. ಹಲಸೂರಿನಲ್ಲಿ ಸೈನ್ಯದ 515 ಬೇಸ್ ವರ್ಕ್‌ಶಾಪ್ ಇದೆ. ಕೃಷ್ಣರಾಜಪುರದಲ್ಲಿ ರೈಲ್ವೆಯ ಡೀಸೆಲ್ ಲೋಕೊ ಶೆಡ್ ಇದೆ. ವಿಮಾನದ ಎಂಜಿನ್ನನ್ನು ಇಷ್ಟು ಗಂಟೆ ಓಡಿದ ಮೇಲೆ ಬಿಚ್ಚಲೇಬೇಕು ಎಂಬುದು ಹಾರಾಟದ ಮೊದಲ ಕಟ್ಟಳೆಗಳಲ್ಲೊಂದು. ಡೀಸೆಲ್ ಲೋಕೊ ಶೆಡ್‌ಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಎಂಜಿನ್ ಆಯಿಲ್‌ನ ಮಾದರಿ ತೆಗೆದು ಸ್ಪೆಕ್ಟ್ರೊಮೀಟರ್‌ಗೆ ಒಡ್ಡುತ್ತಾರೆ. ಆಯಿಲನ್ನು ಕಿಡಿಯಲ್ಲಿ ಉರಿಸಿದಾಗ ಅದರಲ್ಲಿ ಬೆರೆತ ಒಂದೊಂದು ಲೋಹವೂ ತನ್ನದೇ ಬಣ್ಣದ ಬೆಳಕು ಕೊಡುತ್ತದೆ. ಕಬ್ಬಿಣ ಹೆಚ್ಚಿದ್ದರೆ ಲೈನರ್ ಸವೆಯುತ್ತಿದೆ. ತಾಮ್ರ, ಸೀಸ ಕಂಡರೆ ಬೇರಿಂಗ್. ಅಲ್ಯುಮಿನಿಯಂ ಕಂಡರೆ ಪಿಸ್ಟನ್. ಸಿಲಿಕಾನ್ ಕಂಡರೆ ಏರ್ ಫಿಲ್ಟರ್ ದಾಟಿ ಧೂಳು ಒಳಗೆ ನುಗ್ಗಿದೆ. ರಕ್ತ ಪರೀಕ್ಷೆಯಿಂದ ಡಾಕ್ಟರು ಹೊಟ್ಟೆ ಕುಯ್ಯದೆ ಕಾಯಿಲೆ ಹೇಳಿದಂತೆ, ಎಂಜಿನ್ ಬಿಚ್ಚದೆಯೇ ಅದರ ಒಳಗಿನ ಸವೆತವನ್ನು ಹೇಳುವ ವಿದ್ಯೆ ಇದು. ನಮ್ಮ ಹತ್ತಿರ ಸ್ಪೆಕ್ಟ್ರೊಮೀಟರ್ ಇಲ್ಲ. ಆದರೆ ಕಣ್ಣಿದೆ, ಮೂಗಿದೆ, ಒಂದು ತುಂಡು ಬ್ಲಾಟಿಂಗ್ ಪೇಪರ್ ಎಲ್ಲಿಯಾದರೂ ಸಿಗುತ್ತದೆ.

ಇಲ್ಲಿ ಗಾಡಿ ಎಂದಾಗ ನನ್ನ ಮನಸ್ಸಿನಲ್ಲಿರುವುದು ಈ ಬೀದಿಗಳಲ್ಲಿ ದುಡಿಯುವ ಎರಡು ಬಗೆ. ಒಂದು ಮಾರುತಿ ಓಮ್ನಿ, ಅದರ ತಮ್ಮ ಈಕೊ. ಓಮ್ನಿ 1984ರಿಂದ 2019ರವರೆಗೆ ತಯಾರಾಯಿತು, 796 ಸಿಸಿ, ಮೂರು ಸಿಲಿಂಡರ್. ಈಕೊ ಬಂದದ್ದು 2010ರಲ್ಲಿ. ಇನ್ನೊಂದು 2005ರಲ್ಲಿ ಬಂದ ಟಾಟಾ ಏಸ್, ಎಲ್ಲರ ಬಾಯಲ್ಲಿ ಛೋಟಾ ಹಾಥಿ. ಮೊದಲ ಏಸ್‌ಗೆ ಇದ್ದದ್ದು 702 ಸಿಸಿಯ ಎರಡೇ ಸಿಲಿಂಡರಿನ ಡೀಸೆಲ್ ಎಂಜಿನ್. ಈ ಎಲ್ಲದರಲ್ಲೂ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಮೇ ತಿಂಗಳಲ್ಲಿ ಡ್ರೈವರ್‌ಗೆ ಅದೊಂದು ಶಿಕ್ಷೆ, ನಿಜ. ಆದರೆ ಕಲಿಯುವವರಿಗೆ ಅನುಕೂಲ: ಸೀಟು ಎತ್ತಿದರೆ ಪಾಠ ಎದುರಿಗೇ ಇದೆ.

ಆಯಿಲ್‌ನಿಂದಲೇ ಶುರು ಮಾಡಬೇಕು. ಅದು ಎಂಜಿನ್ ಒಳಗೆ ಏನು ಮಾಡುತ್ತದೆ ಎಂದು ಕೇಳಿದರೆ ‘ಜಾರಿಸುತ್ತದೆ’ ಎಂಬ ಉತ್ತರ ಸಿಗುತ್ತದೆ. ನಿಜವಾಗಿ ನಡೆಯುವುದು ಅದಕ್ಕಿಂತ ಅಚ್ಚರಿಯದ್ದು. 1883ರ ಸುಮಾರಿಗೆ ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಎಂಜಿನಿಯರ್ ರೈಲು ಗಾಲಿಯ ಅಚ್ಚಿನ ಬೇರಿಂಗ್‌ಗಳನ್ನು ಪರೀಕ್ಷಿಸುತ್ತಿದ್ದ. ಅಚ್ಚಿನ ಕೆಳಭಾಗ ಎಣ್ಣೆಯಲ್ಲಿ ಅದ್ದಿತ್ತು, ಬೇರಿಂಗ್ ಮೇಲಿನಿಂದ ಹೊರೆ ಹೊತ್ತು ಕೂತಿತ್ತು. ಎಣ್ಣೆ ಬಿಡಲೆಂದು ಬೇರಿಂಗ್‌ನ ನೆತ್ತಿಯಲ್ಲಿ ಒಂದು ತೂತು ಕೊರೆದ. ಅಚ್ಚು ತಿರುಗತೊಡಗಿದಾಗ ಆ ತೂತಿನಿಂದ ಎಣ್ಣೆ ಮೇಲಕ್ಕೆ ಉಕ್ಕಿತು. ಬಿರಡೆ ಹಾಕಿದ, ಅದು ಕಿತ್ತುಬಂತು. ಮರದ ಗೂಟ ಹೊಡೆದ, ಅದೂ ನಿಲ್ಲಲಿಲ್ಲ. ಒತ್ತಡದ ಗೇಜ್ ಕೂರಿಸಿ ನೋಡಿದರೆ ಮುಳ್ಳು ಚದರ ಇಂಚಿಗೆ 200 ಪೌಂಡ್ ದಾಟಿಹೋಯಿತು; ಬೇರಿಂಗ್ ಹೊತ್ತಿದ್ದ ಸರಾಸರಿ ಹೊರೆಗಿಂತ ಎಷ್ಟೋ ಹೆಚ್ಚು. ಇದರ ಗಣಿತವನ್ನು 1886ರಲ್ಲಿ ಬರೆದುಕೊಟ್ಟವರು ಆಸ್ಬೋರ್ನ್ ರೆನಾಲ್ಡ್ಸ್. ತಿರುಗುವ ಅಚ್ಚು ಅಂಟಾದ ಎಣ್ಣೆಯನ್ನು ತನ್ನ ಜೊತೆಗೆ ಎಳೆದುಕೊಂಡು ಕಿರಿದಾಗುತ್ತಾ ಹೋಗುವ ಸಂದಿಗೆ ನುಗ್ಗಿಸುತ್ತದೆ. ಹೊರಗೆ ಹೋಗಲು ಜಾಗ ಸಾಲದೆ ಎಣ್ಣೆಯಲ್ಲಿ ಒತ್ತಡ ಹುಟ್ಟುತ್ತದೆ, ಆ ಒತ್ತಡ ಅಚ್ಚನ್ನೇ ಎತ್ತಿ ಹಿಡಿಯುತ್ತದೆ. ಲೋಹಕ್ಕೆ ಲೋಹ ತಾಗುವುದೇ ಇಲ್ಲ. ನಿಮ್ಮ ಓಮ್ನಿಯ ಕ್ರ್ಯಾಂಕ್ ಕೂಡ ಹೀಗೆಯೇ, ಕೆಲವೇ ಮೈಕ್ರಾನ್ ದಪ್ಪದ ಎಣ್ಣೆಪೊರೆಯ ಮೇಲೆ ತೇಲಿಕೊಂಡು ತಿರುಗುತ್ತದೆ.

ಈ ಪೊರೆ ಮೂರು ಸಂಗತಿಗಳ ಮೇಲೆ ನಿಂತಿದೆ: ಎಣ್ಣೆಯ ಗಟ್ಟಿತನ, ತಿರುಗುವ ವೇಗ, ಮೇಲಿನ ಹೊರೆ. ಟ್ರಾಫಿಕ್‌ನಲ್ಲಿ ತೆವಳುವ ಗಾಡಿಯಲ್ಲಿ ಮೂರೂ ತಿರುಗಿಬೀಳುತ್ತವೆ. ವೇಗ ಕಮ್ಮಿ, ಬಿಸಿಗೆ ಎಣ್ಣೆ ತೆಳು, ಕ್ಲಚ್ ಬಿಟ್ಟಾಗಲೆಲ್ಲ ತುಂಬಿದ ಗಾಡಿಯ ಹೊರೆ. ಎಂಜಿನ್ ಆರಿಸಿದಾಗ ಪೊರೆ ಹಿಂಡಿಹೋಗಿರುತ್ತದೆ. ಮತ್ತೆ ಸೆಲ್ಫ್ ಹೊಡೆದಾಗ ಪಂಪು ಆಯಿಲ್ ಏರಿಸುವವರೆಗಿನ ಆ ಮೊದಲ ಕ್ಷಣಗಳಲ್ಲೇ ತಾಗುವಿಕೆ, ಸವೆತ. ಇಂದಿರಾನಗರದ ಅಡ್ಡರಸ್ತೆಗಳಲ್ಲಿ ಮನೆಮನೆಗೂ ನಿಲ್ಲಿಸಿ ಪಾರ್ಸೆಲ್ ಹಂಚುವ ಗಾಡಿಗೆ ಇದು ದಿನವಿಡೀ. ಅದಕ್ಕೆ ಇನ್ನೊಂದು ಕಾಟವೂ ಉಂಟು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಸೈಲೆನ್ಸರ್ ಮೂಲಕ ಆವಿಯಾಗಿ ಹೋದರೂ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ ಇಳಿಯುತ್ತದೆ. ಉದ್ದಕ್ಕೆ ಓಡುವ ಗಾಡಿಯಲ್ಲಿ ಆಯಿಲ್ ಚೆನ್ನಾಗಿ ಕಾದು ಆ ನೀರನ್ನು ಓಡಿಸುತ್ತದೆ. ಪೂರ್ತಿ ಬಿಸಿಯಾಗುವ ಮೊದಲೇ ಮತ್ತೆ ಮತ್ತೆ ಆರುವ ಎಂಜಿನ್ನಿನಲ್ಲಿ ನೀರು ಅಲ್ಲೇ ಉಳಿದು, ಉರಿಯದ ಪೆಟ್ರೋಲ್ ಜೊತೆ ಸೇರಿ ಆಯಿಲನ್ನು ತೆಳುವಾಗಿಸಿ ಹುಳಿಯಾಗಿಸುತ್ತದೆ. ಆಯಿಲ್ ತುಂಬುವ ಮುಚ್ಚಳ ತೆಗೆದು ಅದರ ಒಳಬದಿ ನೋಡಿ. ಹಾಲಿನ ಕೆನೆಯ ಬಣ್ಣದ ಜಿಡ್ಡು ತೆಳ್ಳಗೆ ಅಂಟಿದ್ದರೆ ಅದು ಈ ನೀರಿನ ಗುರುತು. ಡಿಪ್‌ಸ್ಟಿಕ್‌ನಲ್ಲೂ ಅದೇ ಬಣ್ಣ ಕಂಡು, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಅದು ಹೆಡ್ ಗ್ಯಾಸ್ಕೆಟ್‌ನ ವಿಷಯ, ಗಾಡಿ ಓಡಿಸಬೇಡಿ.

ಮೊದಲ ಆಯಿಲ್ ಚೇಂಜ್ ಅವಸರದಲ್ಲಿ ಆಗಬಾರದು. ಸಮತಟ್ಟಾದ ಜಾಗ ಬೇಕು. ಎಂಜಿನ್ ಹತ್ತು ನಿಮಿಷ ಓಡಿಸಿ ಆರಿಸಿ, ಸ್ವಲ್ಪ ತಣಿಯಲು ಬಿಡಿ. ಬೆಚ್ಚಗಿನ ಆಯಿಲ್ ತೆಳುವಾಗಿ ಹರಿಯುತ್ತದೆ, ಕೊಳೆಯನ್ನೂ ಜೊತೆಗೆ ತರುತ್ತದೆ. ಕೆಳಗಿನ ಡ್ರೈನ್ ಬೋಲ್ಟ್ ಸಡಿಲಿಸಿದ ಮೇಲೆ ಕೊನೆಯ ಸುತ್ತುಗಳನ್ನು ಬೆರಳಲ್ಲಿ ಬಿಚ್ಚುವಾಗ ಬೋಲ್ಟನ್ನು ಒಳಕ್ಕೆ ಒತ್ತಿ ಹಿಡಿದಿರಬೇಕು. ಥ್ರೆಡ್ ಮುಗಿಯಿತು ಅನ್ನಿಸಿದ ಕ್ಷಣ ಚಟಕ್ಕನೆ ಪಕ್ಕಕ್ಕೆ ತೆಗೆಯಬೇಕು. ಮೊದಲು ಬೆರಳು ದಪ್ಪದ ಧಾರೆ, ಆಮೇಲೆ ನೂಲು, ಆಮೇಲೆ ಹನಿ. ಆ ಕೊನೆಯ ಹನಿಗಳನ್ನು ಬಿಳಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಹಿಡಿದು ಬಿಸಿಲಿಗೆ ಓರೆಯಾಗಿಸಿ. ಕಪ್ಪಗಿದ್ದರೆ ಗಾಬರಿ ಬೇಡ. ಡೀಸೆಲ್ ಎಂಜಿನ್ನಿನ ಆಯಿಲ್ ಹಾಕಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಮಸಿಯನ್ನು ಗೋಡೆಗೆ ಅಂಟಲು ಬಿಡದೆ ತನ್ನಲ್ಲೇ ಹಿಡಿದಿಟ್ಟುಕೊಂಡಿದೆ ಎಂದು ಅರ್ಥ. ನೋಡಬೇಕಾದ್ದು ಮಿಂಚನ್ನು. ಓರೆ ಮಾಡಿದಾಗ ಬೆಳ್ಳಿಯ ಅಥವಾ ತಾಮ್ರದ ಬಣ್ಣದ ಸಣ್ಣ ಮಿನುಗು ಹರಿದಾಡಿದರೆ ಒಳಗೆ ಎಲ್ಲೋ ಲೋಹ ಉದುರುತ್ತಿದೆ. ಬ್ಲಾಟಿಂಗ್ ಪೇಪರ್ ಮೇಲೆ ಒಂದು ಹನಿ ಬಿಟ್ಟು ರಾತ್ರಿಯಿಡೀ ಇಟ್ಟರೆ ಬೆಳಗಿನ ಹೊತ್ತಿಗೆ ವೃತ್ತಗಳು ಹರಡಿರುತ್ತವೆ. ಮಸಿ ನುಣ್ಣಗೆ ಹೊರಕ್ಕೆ ಹರಡಿದ್ದರೆ ಆಯಿಲ್‌ನ ಶಕ್ತಿ ಇನ್ನೂ ಇದೆ. ನಡುವೆ ಗಟ್ಟಿ ಕಪ್ಪು ಚುಕ್ಕೆಯಾಗಿ ಕೂತು ಸುತ್ತ ಬರೀ ಹಳದಿ ಎಣ್ಣೆ ಹರಿದಿದ್ದರೆ, ಮಸಿ ಹಿಡಿದಿಡುವ ರಾಸಾಯನಿಕ ಮುಗಿದಿದೆ. ಇದನ್ನೆಲ್ಲ ಕೈಗವಸು ಹಾಕಿಕೊಂಡೇ ಮಾಡಿ. ಬಳಸಿದ ಆಯಿಲ್‌ನಲ್ಲಿ ಚರ್ಮಕ್ಕೆ ಕೇಡು ತರುವ, ಕ್ಯಾನ್ಸರ್‌ಕಾರಕವಾದ ಹೈಡ್ರೊಕಾರ್ಬನ್‌ಗಳಿರುತ್ತವೆ. ಮೊಣಕೈವರೆಗೂ ಆಯಿಲ್ ಮೆತ್ತಿಕೊಂಡು ದುಡಿಯುವ ನಮ್ಮ ಗ್ಯಾರೇಜ್ ಹುಡುಗರಿಗೆ ಇದನ್ನು ಯಾರೂ ಹೇಳುವುದಿಲ್ಲ ಎಂಬುದು ನನಗೆ ನಿಜಕ್ಕೂ ಸಂಕಟದ ವಿಷಯ.

ಹೊಸ ಫಿಲ್ಟರ್‌ನ ರಬ್ಬರ್ ಬಳೆಗೆ ಹೊಸ ಆಯಿಲ್ ಸವರಿ ಕೈಯಲ್ಲೇ ಬಿಗಿಯಬೇಕು, ಪಾನಾ ಹಾಕಬಾರದು. ಹಳೆಯ ಬಳೆ ಎಂಜಿನ್ನಿಗೇ ಅಂಟಿ ಉಳಿದಿಲ್ಲವಲ್ಲ ಎಂದು ಮೊದಲು ಸವರಿ ನೋಡಬೇಕು. ಡ್ರೈನ್ ಬೋಲ್ಟನ್ನು ವಾಪಸು ಬಿಗಿದು, ಆಯಿಲ್ ಹಾಕಿ ಸ್ಟಾರ್ಟ್ ಮಾಡಿದಾಗ ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರಿದ ಮೇಲೆ ಎಂಜಿನ್ ನಿಲ್ಲಿಸಿ, ಐದು ನಿಮಿಷ ಕಾದು, ಡಿಪ್‌ಸ್ಟಿಕ್ ನೋಡಿ. ಗುರುತಿಗಿಂತ ಹೆಚ್ಚು ತುಂಬುವುದೂ ತಪ್ಪೇ; ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸಿದರೆ, ನೊರೆಯೊಳಗಿನ ಗಾಳಿ ಹೊರೆ ಹೊರುವುದಿಲ್ಲ.

ಡಬ್ಬದ ಮೇಲಿನ 20ಡಬ್ಲ್ಯೂ-40, 10ಡಬ್ಲ್ಯೂ-30 ಎಂಬ ಅಂಕಿಗಳ ಬಗ್ಗೆ ನಮ್ಮಲ್ಲಿ ತುಂಬ ಚರ್ಚೆ ನಡೆಯುತ್ತದೆ. ಮೊದಲನೆಯದು ಚಳಿಯ ಅಂಕಿ. 20ಡಬ್ಲ್ಯೂ ಆಯಿಲನ್ನು ಸ್ಟಾರ್ಟಿಂಗ್ ಪರೀಕ್ಷೆಗೆ ಒಡ್ಡುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ; 10ಡಬ್ಲ್ಯೂ ಆದರೆ 25 ಡಿಗ್ರಿ ಕೆಳಗೆ. ಬೆಂಗಳೂರಿನ ದಾಖಲೆಯ ಚಳಿ 1884ರ ಜನವರಿಯಲ್ಲಿ ಕಂಡ 7.8 ಡಿಗ್ರಿ. ಎರಡನೆಯ ಅಂಕಿ ಎಂಜಿನ್ ಕಾದಾಗಿನ ಗಟ್ಟಿತನ, 100 ಡಿಗ್ರಿಯಲ್ಲಿ ಅಳೆದದ್ದು. ನಮಗೆ ಮುಖ್ಯವಾದ್ದು ಇದು. ಹಾಗಂತ 30 ಇರಬೇಕಾದ ಕಡೆ ಬಿಸಿಲೂರಿಗೆ ಗಟ್ಟಿ ಇರಲಿ ಎಂದು 50 ಹಾಕುವುದು ಬೇಡ. ಬೇರಿಂಗಿನ ಸಂದಿ, ಪಂಪಿನ ಶಕ್ತಿ ಎಲ್ಲವನ್ನೂ ಒಂದು ಗಟ್ಟಿತನಕ್ಕೆ ಹೊಂದಿಸಿ ಮಾಡಿರುತ್ತಾರೆ. ಕೈಪಿಡಿ ಹೇಳಿದ ಗ್ರೇಡ್, ಹೇಳಿದ ದರ್ಜೆ, ಗಂಟೆ ನೋಡಿ ಬದಲಾವಣೆ, ಇಷ್ಟು ಸಾಕು.

ಪುಸ್ತಕದಲ್ಲಿ ಓದಿದ್ದು ಕಣ್ಣಿಗೆ ಕಾಣಬೇಕಾದರೆ ಶಿವಾಜಿನಗರದ ಗುಜರಿ ಓಣಿಗಳಿಗೆ ಹೋಗಬೇಕು. ಹೊಸ ಸ್ಪೇರ್ ಪಾರ್ಟ್ಸ್‌ಗೆ ಊರಿನವರು ಜೆ.ಸಿ. ರಸ್ತೆಗೆ ಹೋಗುತ್ತಾರೆ, ಸರಿ. ಆದರೆ ಸತ್ತ ಎಂಜಿನ್ ಹೇಗೆ ಸತ್ತಿತು ಎಂದು ತಿಳಿಯಲು ದಂಡುಪ್ರದೇಶದ ಈ ಓಣಿಗಳಿಗಿಂತ ಒಳ್ಳೆಯ ಶಾಲೆ ಇಲ್ಲ. ಕ್ರ್ಯಾಂಕ್, ಪಿಸ್ಟನ್, ಗೇರ್ ಬಾಕ್ಸ್ ರಾಶಿ ಬಿದ್ದಿರುತ್ತವೆ. ಕೊಳ್ಳುವವರ ಹಾಗೆ ಮರ್ಯಾದೆಯಿಂದ ಕೇಳಿದರೆ ಕೈಗೆತ್ತಿಕೊಂಡು ನೋಡಲು ಬಿಡುತ್ತಾರೆ. ಒಂದು ಬೇರಿಂಗ್ ಶೆಲ್ ಎತ್ತಿಕೊಳ್ಳಿ, ಅರ್ಧಚಂದ್ರದ ತೆಳು ತಗಡು. ಚೆನ್ನಾಗಿ ಬಾಳಿದ ಶೆಲ್ ಒಳಗೆ ಮಂಕು ಬೂದು ಬಣ್ಣ, ಸಮನಾಗಿ. ಪೊರೆ ಹರಿದು ಲೋಹ ತಾಗಿದ್ದರೆ ಆ ಬೂದು ಪದರ ಅಳಿಸಿ ಕೆಳಗಿನ ತಾಮ್ರದ ಕೆಂಪು ಕಂಡಿರುತ್ತದೆ. ಉದ್ದಕ್ಕೆ ಗೀರುಗಳಿದ್ದರೆ ಧೂಳು ಹೊಕ್ಕಿದೆ. ಮೆಟ್ರೊ ಕಾಮಗಾರಿಯ, ಅಗೆದು ಬಿಟ್ಟ ರಸ್ತೆಯ ಧೂಳಿನಲ್ಲಿರುವುದು ಬೆಣಚುಕಲ್ಲಿನ ಪುಡಿ. ಆಯಿಲ್ ಪೊರೆಯಷ್ಟೇ ದಪ್ಪದ, ಕೆಲವೇ ಮೈಕ್ರಾನ್‌ನ ಕಣವೇ ಹೆಚ್ಚು ಅಪಾಯ. ಅದು ಸಂದಿಯೊಳಗೆ ಸಲೀಸಾಗಿ ನುಗ್ಗಿ ಎರಡೂ ಬದಿ ಕೆರೆಯುತ್ತದೆ. ಕೈಯಲ್ಲಿ ಹಾಗೊಂದು ಗೀರಿದ ಶೆಲ್ ಹಿಡಿದು ನೋಡಿದವರು ಮತ್ತೆಂದೂ ಏರ್ ಫಿಲ್ಟರನ್ನು ನೆಲಕ್ಕೆ ಕುಟ್ಟಿ ವಾಪಸು ಹಾಕುವುದಿಲ್ಲ. ಕುಟ್ಟಿದಾಗ ಉದುರುವುದು ದಪ್ಪ ಧೂಳು. ಕಾಗದದ ಮಡಿಕೆ ಬಿಟ್ಟುಕೊಂಡರೆ ಸಣ್ಣದಕ್ಕೆ ದಾರಿ ತೆರೆಯುತ್ತದೆ.

ಬಿಗಿ ಮಾಡುವುದರಲ್ಲೂ ಒಂದು ಭೌತಶಾಸ್ತ್ರವಿದೆ. ಬೋಲ್ಟು ಎಂದರೆ ಗಟ್ಟಿಯಾದ ಸ್ಪ್ರಿಂಗು. ತಿರುಗಿಸಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ, ಹಿಗ್ಗಿದ್ದು ಕುಗ್ಗಲು ಎಳೆಯುವ ಬಲವೇ ಎರಡು ಭಾಗಗಳನ್ನು ಹಿಡಿದಿಡುವುದು. ಆದರೆ ನಾವು ಹಾಕುವ ಬಲದಲ್ಲಿ ಹತ್ತಕ್ಕೆ ಒಂಬತ್ತು ಪಾಲು ತಲೆಯ ಕೆಳಗಿನ ಮತ್ತು ಥ್ರೆಡ್ಡಿನ ಘರ್ಷಣೆಯಲ್ಲೇ ಹೋಗುತ್ತದೆ. ಹಿಗ್ಗಿಸಲು ಉಳಿಯುವುದು ಒಂದು ಪಾಲು. ಆದ್ದರಿಂದ ಒಣ ಥ್ರೆಡ್‌ಗೆಂದು ಬರೆದ ಬಿಗಿಯನ್ನು ಗ್ರೀಸ್ ಹಚ್ಚಿದ ಥ್ರೆಡ್‌ಗೆ ಹಾಕಿದರೆ, ಘರ್ಷಣೆ ಕಮ್ಮಿಯಾಗಿ ಉಳಿದ ಬಲವೆಲ್ಲ ಬೋಲ್ಟನ್ನು ಎಳೆದು ಬಿಡುತ್ತದೆ. ವೀಲ್ ನಟ್ಟಿಗೆ 90 ನ್ಯೂಟನ್ ಮೀಟರ್ ಬೇಕು ಎನ್ನೋಣ. ಅರ್ಧ ಮೀಟರ್ ಹಿಡಿಯ ತುದಿಗೆ 18 ಕಿಲೋ ತೂಕ ಹಾಕಿದರೆ ಅಷ್ಟಾಯಿತು. 60 ಕಿಲೋ ತೂಗುವ ಮನುಷ್ಯ 40 ಸೆಂಟಿಮೀಟರ್ ಹಿಡಿಯ ಮೇಲೆ ಹತ್ತಿ ನಿಂತರೆ 235 ನ್ಯೂಟನ್ ಮೀಟರ್ ದಾಟುತ್ತದೆ. ರಸ್ತೆ ಬದಿಯಲ್ಲಿ ದಿನಾ ಕಾಣುವ ಈ ನೋಟವೇ ಮುಂದೆ ಸ್ಟೆಪ್ನಿ ಹಾಕಲು ನಟ್ಟು ಬಿಚ್ಚದೆ ಒದ್ದಾಡುವುದಕ್ಕೆ ಕಾರಣ. ಹಳೆಯ ಉಸ್ತಾದರು ಹುಡುಗರಿಗೆ ಮೊದಲು ಕಲಿಸುವುದು ಬಿಗಿಯುವುದನ್ನಲ್ಲ, ಶುರು ಮಾಡುವುದನ್ನು: ಬೋಲ್ಟನ್ನು ಮೊದಲು ಹಿಂದಕ್ಕೆ ತಿರುಗಿಸು, ಥ್ರೆಡ್ ಟಕ್ ಎಂದು ಕೂತ ಮೇಲೆ ಮುಂದಕ್ಕೆ ತಿರುಗಿಸು, ಮೂರ್ನಾಲ್ಕು ಸುತ್ತು ಬೆರಳಲ್ಲೇ ಹೋಗಬೇಕು, ಹೋಗದಿದ್ದರೆ ಪಾನಾ ಮುಟ್ಟಬೇಡ. ಅಲ್ಯುಮಿನಿಯಂ ಭಾಗಕ್ಕೆ ಸ್ಟೀಲ್ ಬೋಲ್ಟು ಕೂರುವ ಕಡೆಗಳಲ್ಲಿ ಈ ಒಂದು ಅಭ್ಯಾಸ ಸಾವಿರಾರು ರೂಪಾಯಿ ಉಳಿಸುತ್ತದೆ. ಒಂದು ಟಾರ್ಕ್ ರೆಂಚ್ ಕೊಳ್ಳಲು ಮನಸ್ಸು ಮಾಡಿ. ಗಾಡಿ ನಿಲ್ಲಿಸುವ ಅಡ್ಡಾದ ನಾಲ್ಕು ಜನ ಸೇರಿ ಕೊಂಡರೂ ಆದೀತು.

ಇನ್ನು ಹೀಟ್ ಆಗುವ ವಿಷಯ. ಬೆಂಗಳೂರು ಸಮುದ್ರಮಟ್ಟದಿಂದ 920 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ. ತೆರೆದ ಪಾತ್ರೆಯ ನೀರು ಇಲ್ಲಿ 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಎಂಜಿನ್ ನೆಮ್ಮದಿಯಾಗಿ ಕೆಲಸ ಮಾಡುವುದು 90ರ ಆಸುಪಾಸು. ಈ ಸಣ್ಣ ಅಂತರವನ್ನು ದೊಡ್ಡದು ಮಾಡುವುದು ರೇಡಿಯೇಟರ್ ಮುಚ್ಚಳದ ಸ್ಪ್ರಿಂಗು. 0.9 ಕಿಲೋ ಎಂದು ಬರೆದ ಮುಚ್ಚಳ ಒಳಗಿನ ಒತ್ತಡವನ್ನು ಅಷ್ಟು ಏರಿಸಿದರೆ ಬರೀ ನೀರು ಕೂಡ ನಮ್ಮೂರಿನಲ್ಲಿ 117 ಡಿಗ್ರಿವರೆಗೆ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಒಡೆದಿದ್ದರೆ ಈ ಇಪ್ಪತ್ತು ಡಿಗ್ರಿ ಹೋಯಿತು. ಗಾಡಿ ಹೀಟ್ ಆಗುತ್ತಿದೆ ಎಂದು ವಾಟರ್ ಪಂಪ್, ಥರ್ಮೊಸ್ಟಾಟ್ ಎಲ್ಲ ಬದಲಿಸಿದ ಮೇಲೆ ಈ ಅಗ್ಗದ ಮುಚ್ಚಳ ಕಾರಣ ಎಂದು ತಿಳಿಯುವುದು ಅಪರೂಪವಲ್ಲ. ಬಿಸಿಯಿರುವಾಗ ಮುಚ್ಚಳ ಬಿಚ್ಚಬಾರದೇಕೆ ಎಂಬುದಕ್ಕೂ ಉತ್ತರ ಇದೇ. 110 ಡಿಗ್ರಿಯ ನೀರಿನ ಮೇಲಿಂದ ಒತ್ತಡ ತೆಗೆದುಬಿಟ್ಟರೆ ಅದರ ಒಂದು ಪಾಲು ಆ ಕ್ಷಣವೇ ಆವಿಯಾಗುತ್ತದೆ, ಒಂದು ಮಿಲಿಲೀಟರ್ ನೀರು ಒಂದೂಮುಕ್ಕಾಲು ಲೀಟರಿಗೂ ಹೆಚ್ಚು ಆವಿ. ಉಳಿದ ನೀರನ್ನೆಲ್ಲ ಅದು ಮುಖಕ್ಕೆ ಎರಚುತ್ತದೆ.

ಕೂಲಂಟ್ ಚಳಿದೇಶದವರಿಗೆ, ನಮಗೆ ನಲ್ಲಿ ನೀರೇ ಸಾಕು ಎನ್ನುವವರು ಬಹಳ. ಹೆಪ್ಪುಗಟ್ಟುವ ಭಯ ನಮಗಿಲ್ಲ, ಒಪ್ಪಿದೆ. ನಮಗೆ ಕೂಲಂಟ್ ಬೇಕಿರುವುದು ಕುದಿಯುವ ಮಟ್ಟ ಏರಿಸಲು, ತುಕ್ಕು ತಡೆಯಲು, ಎಲ್ಲಕ್ಕಿಂತ ಮಿಗಿಲಾಗಿ ಬೋರ್‌ವೆಲ್ ನೀರನ್ನು ಎಂಜಿನ್ನಿನಿಂದ ದೂರ ಇಡಲು. ಕೃಷ್ಣರಾಜಪುರದಿಂದಾಚೆ ಎಷ್ಟೋ ಬಡಾವಣೆಗಳು ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನಲ್ಲೇ ದಿನ ದೂಡಿದವು. ಆ ಗಡಸು ನೀರಿನ ಸುಣ್ಣ ಕಾದಷ್ಟೂ ಕಡಿಮೆ ಕರಗುತ್ತದೆ, ಹಾಗಾಗಿ ಅತಿ ಬಿಸಿಯಾದ ಕಡೆಯೇ, ಸಿಲಿಂಡರ್ ಗೋಡೆಯ ಸುತ್ತಲೇ ಕೂರುತ್ತದೆ. ಗೀಸರ್ ಕಾಯಿಲ್ ಮೇಲಿನ ಬಿಳಿ ಪೊರೆ ಇದೇ. ಶಾಖ ದಾಟಿಸುವುದರಲ್ಲಿ ಈ ಸುಣ್ಣ ಅಲ್ಯುಮಿನಿಯಂನ ನೂರರಲ್ಲೊಂದು ಪಾಲಿನಷ್ಟು ಮಾತ್ರ. ಕೂಲಂಟನ್ನು ಬೆರೆಸಬೇಕಾದ್ದು ಡಿಸ್ಟಿಲ್ಡ್ ನೀರಿನ ಜೊತೆ. ಕೂಲಂಟ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನಾಯಿ, ಮಕ್ಕಳ ಕೈಗೆ ಸಿಗದಂತಿಡಿ. ಓಮ್ನಿಯಲ್ಲಿ ರೇಡಿಯೇಟರ್ ಮೂತಿಯಲ್ಲಿ, ಎಂಜಿನ್ ಸೀಟಿನ ಕೆಳಗೆ, ನಡುವೆ ಉದ್ದದ ಹೋಸು. ನೀರು ಬದಲಿಸಿದಾಗ ಅಲ್ಲಿ ಗಾಳಿ ಸಿಕ್ಕಿಕೊಂಡು ಏರ್ ಲಾಕ್ ಆಗುತ್ತದೆ. ಗಾಳಿಗುಳ್ಳೆ ಶಾಖ ಒಯ್ಯುವುದಿಲ್ಲ, ಸೆನ್ಸರ್ ಅದರೊಳಗೆ ಕೂತರೆ ಗೇಜ್ ಕೂಡ ಸುಳ್ಳು ಹೇಳುತ್ತದೆ. ತಣ್ಣಗಿರುವಾಗ ಮುಚ್ಚಳ ತೆಗೆದಿಟ್ಟು ಎಂಜಿನ್ ಓಡಿಸಿ, ಹೋಸು ಹಿಸುಕುತ್ತಾ ಗುಳ್ಳೆ ನಿಲ್ಲುವವರೆಗೆ ತುಂಬಬೇಕು. ಉಕ್ಕುವ ಮುನ್ನ ಮುಚ್ಚಬೇಕು. ತೆವಳುವ ಗಾಡಿಗೆ ಎದುರುಗಾಳಿ ಇಲ್ಲ, ಫ್ಯಾನೇ ಎಲ್ಲ. ನಿಂತಲ್ಲೇ ಎಂಜಿನ್ ಓಡಿಸಿ, ಮುಳ್ಳು ಎಲ್ಲಿದ್ದಾಗ ಫ್ಯಾನ್ ಶುರುವಾಗುತ್ತದೆ, ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ನೋಟ್‌ಬುಕ್ಕಿಗೆ ಬರೆದಿಡಿ.

ಇನ್ನು ಕರೆಂಟಿನ ಕಡೆಯ ಕೆಲಸ. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಇಡೀ ಬ್ಯಾಟರಿ ಆ ಸ್ಪ್ಯಾನರ್ ಮೂಲಕ ಹರಿಯುತ್ತದೆ. ಬಿಎಸ್6 ಮಾನದಂಡದ ಹೊಸ ಗಾಡಿಯವರು ಎಂಜಿನ್ನಿನ ದೋಷಸಂಕೇತ ಓದುವ ಒಂದು ಸಣ್ಣ ಒಬಿಡಿ ರೀಡರ್ ಇಟ್ಟುಕೊಳ್ಳುವುದು ಒಳ್ಳೆಯದು. ವಾರಂಟಿ ಮುಗಿಯುವವರೆಗೆ ದೊಡ್ಡ ಕೆಲಸಕ್ಕೆ ಕೈ ಹಾಕಬೇಡಿ, ಬಿಲ್ಲುಗಳನ್ನು ಜೋಪಾನ ಮಾಡಿ.

ಬ್ರೇಕ್ ಮಾತ್ರ ಬೇರೆ ದರ್ಜೆಯದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ, ಸುಮಾರು ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಅದಕ್ಕಿರುವ ಮಿತಿ 140 ಡಿಗ್ರಿ ಮಾತ್ರ. ತುಂಬಿದ ಹೊರೆಯಲ್ಲಿ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಹೋದಾಗ ದ್ರವ ಕುದಿದು ಆವಿಯಾದರೆ, ಪೆಡಲ್ ಒತ್ತಿದ ಬಲವೆಲ್ಲ ಆವಿಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ. ಮಳೆಗಾಲ ದಾಟಿದ ಹಳೇ ಗಾಡಿಯ ದ್ರವ ಬದಲಿಸಿ ಎನ್ನುವುದು ಇದಕ್ಕೇ. ಮಟ್ಟ ನೋಡುವುದು, ಶೂ ಸವೆತ ನೋಡುವುದು, ಸೋರಿಕೆ ಹುಡುಕುವುದು ನೀವು ಮಾಡಿ. ಬ್ರೇಕ್ ಪೈಪಿನ ಗಾಳಿ ಹೊರಹಾಕುವ ಬ್ಲೀಡಿಂಗನ್ನು ಬಲ್ಲವರ ಪಕ್ಕ ಕೂತು ಕಲಿತ ಮೇಲೆಯೇ ಒಬ್ಬರೇ ಮಾಡಿ, ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು. ಹೈಡ್ರಾಲಿಕ್ ಜಾಕ್‌ನ ಒಂದು ರಬ್ಬರ್ ಬಳೆ ಸೋತರೆ ಗಾಡಿ ಇಳಿಯಲು ಹಿಡಿಯುವ ಸಮಯ ಕೈ ಎಳೆದುಕೊಳ್ಳಲೂ ಸಾಲದು. ಜಾಕ್ ಸ್ಟ್ಯಾಂಡ್ ಎರಡು, ಗಾಲಿಗೆ ಮರದ ಅಡ್ಡ, ಸಮತಟ್ಟು ನೆಲ. ಕಲ್ಲು, ಇಟ್ಟಿಗೆ ಇಡಬೇಡಿ. ಅವು ಬಾಗದೆ, ಮುನ್ಸೂಚನೆ ಕೊಡದೆ ಒಡೆಯುತ್ತವೆ.

ಕೆಲಸ ಮುಗಿದ ಮೇಲೆ ತಟ್ಟೆಯಲ್ಲಿ ಉಳಿಯುವ ಮೂರು ಲೀಟರ್ ಹಳೇ ಆಯಿಲ್‌ನ ಗತಿ ಏನು? ಮೋರಿಗೆ ಸುರಿಯುವುದು ಸುಲಭ. ಹಲಸೂರಿನ ಮೋರಿ ರಾಜಕಾಲುವೆ ಸೇರುತ್ತದೆ, ಹಲಸೂರು ಕೆರೆಯ ಕೋಡಿ ಚಲ್ಲಘಟ್ಟ ಕಣಿವೆ ಹಿಡಿದು ಬೆಳ್ಳಂದೂರು ಕೆರೆಗೆ ಹೋಗುತ್ತದೆ. ನೊರೆ ಎದ್ದು, ಬೆಂಕಿ ಹತ್ತಿ ಉರಿದ ಕೆರೆ ಅದು. ಅದಕ್ಕೆ ಇನ್ನಷ್ಟು ಎಣ್ಣೆ ಕಳಿಸುವ ಹಕ್ಕು ನಮಗಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬಳಸಿದ ಆಯಿಲ್ ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು; ನಿಮ್ಮ ಹಳೇ ಆಯಿಲನ್ನೂ ತೆಗೆದುಕೊಳ್ಳುವ ಗ್ಯಾರೇಜ್ ಯಾವುದೆಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ. ಅಲ್ಲಿಂದ ಮುಂದೆ ಅದರ ನೀರು ಹಿಂಗಿಸಿ, ನಿರ್ವಾತದಲ್ಲಿ ಬಟ್ಟಿ ಇಳಿಸಿದರೆ ಮತ್ತೆ ಮೂಲ ಎಣ್ಣೆಯೇ ಸಿಗುತ್ತದೆ. ಬಳಕೆಯಲ್ಲಿ ಮುಗಿದುಹೋಗಿರುವುದು ಮುಖ್ಯವಾಗಿ ಅದಕ್ಕೆ ಬೆರೆಸಿದ ರಾಸಾಯನಿಕಗಳು. ಹೈಡ್ರೊಕಾರ್ಬನ್ ಸರಪಣಿಗಳಲ್ಲಿ ಹೆಚ್ಚಿನವು ಹಾಗೇ ಇರುತ್ತವೆ. ಹೊಸ ಆಯಿಲ್ ಬಂದ ಡಬ್ಬಕ್ಕೇ ಹಳೆಯದನ್ನು ಜರಡಿ ಹಿಡಿದು ತುಂಬಿ, ಮೇಲೆ ತಾರೀಖು, ಗಂಟೆ ಬರೆದು ಮುಚ್ಚಳ ಬಿಗಿ ಮಾಡಿ. ಕೂಲಂಟನ್ನಾಗಲಿ, ಬ್ರೇಕ್ ಆಯಿಲನ್ನಾಗಲಿ ಅದೇ ಡಬ್ಬಕ್ಕೆ ಸುರಿಯಬೇಡಿ. ಬೆರೆತ ಮೇಲೆ ಅದನ್ನು ಬೇರ್ಪಡಿಸುವುದು ಕಷ್ಟ, ಇಡೀ ಡಬ್ಬ ಮರುಬಳಕೆಗೆ ಬಾರದೆ ಹೋಗುತ್ತದೆ.